ಅಣ್ಣ ನೆಲಕ್ಕೆ ಬೀಳುತ್ತಿದ್ದ

ಬರ್ಮಾದಿಂದ ಬಂದ ಅಣ್ಣನ ಎದುರು ನಮ್ಮ ಮನೆಯಲ್ಲಿ ಯಾರೂ ಪಾತ್ರೆ ಬೀಳಿಸುವಂತಿರಲಿಲ್ಲ. ಹಲಸೂರು ಕೆರೆಯಿಂದ ಜೋಗುಪಾಳ್ಯದ ಕಡೆ ಹೋಗುವ ಗಲ್ಲಿಯಲ್ಲಿ ನಮ್ಮದೊಂದು ಚಿಕ್ಕ ಹೆಂಚಿನ ಮನೆ. ಇದ್ದದ್ದು ನಾನು, ನಮ್ಮ ಯಜಮಾನರು. ಯುದ್ಧ ಮುಗಿದ ಮೇಲೆ ಹವಾಲ್ದಾರನಾಗಿ ಬಿಡುಗಡೆಯಾದ ಅಣ್ಣನೂ ಬಂದು ಸೇರಿಕೊಂಡ. ಮದುವೆಯಾಗಿರಲಿಲ್ಲ, ಹೋಗಲು ಬೇರೆ ಮನೆಯೂ ಇರಲಿಲ್ಲ.

ಅವನು ಬಂದ ವಾರವೇ ನನ್ನ ಕೈಯಿಂದ ತಾಮ್ರದ ತಂಬಿಗೆ ಜಾರಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಣ್ಣ ಊಟದ ತಟ್ಟೆಯ ಪಕ್ಕ ಬೋರಲು ಬಿದ್ದಿದ್ದ. ಕೈಗಳು ತಲೆಯ ಮೇಲೆ, ಕೆನ್ನೆ ನೆಲಕ್ಕೆ, ಅಂಗಿಯ ತುಂಬ ಹುರುಳಿ ಸಾರು. ನಮ್ಮ ಯಜಮಾನರಿಗೆ ನಗು ತಡೆಯಲಾಗಲಿಲ್ಲ.

"ಏನ್ ಭಾವ, ತಂಬಿಗೆಗೆ ಸಾಷ್ಟಾಂಗ ಹಾಕ್ತಿದ್ದೀರಾ?"

ಅಣ್ಣ ಎದ್ದು ಕೂತು ಸಾರು ಒರೆಸಿಕೊಂಡ. ಅವನೂ ನಕ್ಕ. "ನಗಪ್ಪ, ನಗು. ಅಲ್ಲಿ ಬಿದ್ದೋರು ಮನೆಗ್ ಬಂದ್ವಿ. ನಿಂತೋರು ಅಲ್ಲೇ ಇದ್ದಾರೆ" ಎಂದ. ಮರುದಿನ ನಾನು ಒಂದು ಗೋಣಿಚೀಲವನ್ನು ಮಡಿಸಿ ಪಾತ್ರೆ ಇಡುವ ಕಡೆ ನೆಲಕ್ಕೆ ಹಾಸಿದೆ. ಏನು ಬಿದ್ದರೂ ಸದ್ದಾಗಬಾರದು ಎಂದು.

ನಮ್ಮ ಯಜಮಾನರು ದರ್ಜಿ. ಈಗಿನ ಶಿವಾಜಿನಗರವನ್ನು ಆಗ ಬ್ಲ್ಯಾಕ್‌ಪಲ್ಲಿ ಅನ್ನುತ್ತಿದ್ದರು. ಅಲ್ಲಿಯ ಒಂದು ಅಂಗಡಿಯಲ್ಲಿ ಯುದ್ಧ ನಡೆದಷ್ಟು ಕಾಲ ಸಿಪಾಯಿಗಳ ಬಟ್ಟೆ ಹೊಲಿದವರು. ಯುದ್ಧ ನಿಂತಿತು, ಕೆಲಸವೂ ನಿಂತಿತು. ಆಮೇಲೆ ಪಕ್ಷದವರಿಗೆ ಖಾದಿ ಟೋಪಿ ಹೊಲಿಯತೊಡಗಿದರು. ಅಣ್ಣನನ್ನು ಪಕ್ಷಕ್ಕೆ ಪರಿಚಯ ಮಾಡಿಸಿದ್ದು ಆ ಟೋಪಿಗಳೇ ಅನ್ನಬೇಕು. ನೆಟ್ಟಗಿನ ಮೈಕಟ್ಟು, ಕೆರೆಯ ಆಚೆ ದಡಕ್ಕೂ ಕೇಳುವ ಗಂಟಲು, ಕನ್ನಡ, ತಮಿಳು, ಹಿಂದೂಸ್ತಾನಿ, ಇಂಗ್ಲಿಷು ನಾಲ್ಕೂ ಬರುತ್ತಿದ್ದವು. ಇಂಥವನನ್ನು ಯಾರು ಬಿಟ್ಟಾರು? ಸ್ವಯಂಸೇವಕರಿಗೆ ಕವಾಯತು ಹೇಳಿಕೊಡಲು ಕರೆದರು.

ಕೆರೆಯ ಹಿಂದಿನ ಬಯಲಿನಲ್ಲಿ ಬೆಳಗಿನ ಹೊತ್ತು ಕವಾಯತು ನಡೆಯುತ್ತಿತ್ತು. ಸಾಲು ಕಟ್ಟುವುದು, ತಿರುಗುವುದು ಎಲ್ಲ ಕಲಿಸಿದ ಮೇಲೆ ಅಣ್ಣ ಇನ್ನೊಂದನ್ನು ಕಲಿಸಿದ. ಉದ್ದಕ್ಕೆ ಸೀಟಿ ಊದಿದರೆ ಇದ್ದಲ್ಲೇ ಬೋರಲು ಬೀಳಬೇಕು. ನಮ್ಮ ಯಜಮಾನರೂ ಆ ಸಾಲಿನಲ್ಲಿ ಸೇರಿದ್ದರು. ಮೆಷಿನ್ ಮುಂದೆ ಬಗ್ಗಿ ಬಗ್ಗಿ ಬೆನ್ನು ಗೂನಾದ ಮನುಷ್ಯ, ದೀಪಾವಳಿಯ ಪಟಾಕಿಗೂ ಒಳಕೋಣೆ ಸೇರುತ್ತಿದ್ದವರು. ನೆಟ್ಟಗೆ ನಿಲ್ಲುವುದು ಅವರಿಗೆ ಒಗ್ಗಲಿಲ್ಲ. ಬೀಳುವುದರಲ್ಲಿ ಮಾತ್ರ ಅವರೇ ಮೊದಲು. "ಭಾವ ಶಭಾಶ್ ಅಂದ್ರು ಕಣೇ" ಎಂದು ಸಂಜೆ ಹೇಳಿಕೊಂಡು ಹಿಗ್ಗುತ್ತಿದ್ದರು.

ಒಂದು ದಿನ ಸಿಟಿಯಿಂದ ಪಕ್ಷದ ಮುಖಂಡರೊಬ್ಬರು ಕವಾಯತು ನೋಡಲು ಬಂದರು. ಆಮೇಲೆ ನಮ್ಮ ಮನೆಗೂ ಬಂದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ.

"ಕವಾಯ್ತು ಚೆನ್ನಾಗಿದೆ ಹವಾಲ್ದಾರ್ರೇ. ಆದ್ರೆ ಇದೇನ್ರೀ, ನಮ್ಮೋರು ಮಣ್ಣಲ್ಲಿ ಹೊರಳಾಡೋದು? ಜನ ನಗ್ತಾರೆ. ಎದೆ ಕೊಟ್ಟು ನಿಲ್ಬೇಕು."

"ಗುಂಡು ಬಂದ್ರೆ, ಸ್ವಾಮಿ?"

"ಬಂದ್ರೂ ನಿಲ್ಬೇಕು." ಕಾಫಿ ಕುಡಿದು ಲೋಟ ಕೆಳಗಿಟ್ಟು ಅವರು ದನಿ ತಗ್ಗಿಸಿದರು. "ದೆಹಲಿಗೆ ಈ ದಂಡು ಪ್ರದೇಶದಿಂದ ಒಬ್ಬ ಪ್ರತಿನಿಧೀನ ಕಳಿಸ್ಬೇಕು ಅಂತಿದೀವಿ. ನಿಮ್ಮಂಥ ಸಿಪಾಯೀನೇ ಬೇಕು. ಈ ಮಲಗೋದೊಂದು ಬಿಟ್ಬಿಡಿ."

ಅಣ್ಣ ಖಾಲಿ ಲೋಟ ಎತ್ತಿ ಬದಿಗಿಟ್ಟ. ಅವನ ಪರವಾಗಿ ಒಂದು ಮಾತು ಹೇಳಬೇಕು. ದೆಹಲಿಯ ಆಸೆ ಅವನಿಗೆ ಬರೀ ಕುರ್ಚಿಗಾಗಿ ಇರಲಿಲ್ಲ. ಅವನ ಜೊತೆ ಬರ್ಮಾದಲ್ಲಿದ್ದು ಕಾಲು ಕಳೆದುಕೊಂಡವನೊಬ್ಬ ಮಾರ್ಕೆಟ್ಟಿನ ಬಾಗಿಲಲ್ಲಿ ತಟ್ಟೆ ಹಿಡಿದು ಕೂರುತ್ತಿದ್ದ. ಅಣ್ಣ ಅವನನ್ನು ನೋಡಿ ಬಂದ ದಿನ ಊಟ ಮಾಡುತ್ತಿರಲಿಲ್ಲ. ಇಂಥವರ ಮಾತು ಕೇಳುವವರು ದೆಹಲಿಯಲ್ಲೇ ಇರುವುದು ಎಂದು ನಂಬಿದ್ದ.

"ಆಗ್ಲಿ ಸ್ವಾಮಿ" ಎಂದ.

ಮರುದಿನದಿಂದ ಉದ್ದ ಸೀಟಿ ನಿಂತುಹೋಯಿತು. ನಮ್ಮ ಯಜಮಾನರು ಊಟಕ್ಕೆ ಕೂತಾಗ ಕೇಳಿದರು, "ಹಂಗಾದ್ರೆ ಗುಂಡು ಹಾರಿಸಿದ್ರೆ ಈಗ ಏನ್ ಮಾಡೋದು ಭಾವ?"

"ನಿಲ್ಲೋದು. ಏನೇ ಆಗ್ಲಿ, ನಿಲ್ಲೋದು" ಎಂದ ಅಣ್ಣ, ತಟ್ಟೆಯಿಂದ ತಲೆ ಎತ್ತದೆ.

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಮಹಾರಾಜರ ಸಂಸ್ಥಾನದಲ್ಲಿ ಜನರ ಸರ್ಕಾರ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ ಹಲಸೂರಿನಿಂದ ಮೆರವಣಿಗೆ ಹೊರಟಿತು. ನಾನು ಬ್ಲ್ಯಾಕ್‌ಪಲ್ಲಿಯ ಒಂದು ಬಳೆ ಅಂಗಡಿಯ ಜಗಲಿಯ ಮೇಲೆ, ಹೆಂಗಸರ ನಡುವೆ ನಿಂತಿದ್ದೆ. ಮುಂದೆ ಅಣ್ಣ, ಅವನ ಹಿಂದಿನ ಸಾಲಿನಲ್ಲೇ ನಮ್ಮ ಯಜಮಾನರು. ಯಾರು ಮೊದಲು ಕಲ್ಲು ತೂರಿದರೋ ಕಾಣೆ. ಎದುರಿಗಿದ್ದ ಪೊಲೀಸರು ಬಂದೂಕು ಎತ್ತಿದರು.

ಮೊದಲ ಸದ್ದಿಗೇ ಅಣ್ಣ ಬಿದ್ದ. ಗುಂಡು ತಾಕಿ ಅಲ್ಲ. ನಮ್ಮ ಮನೆಯಲ್ಲಿ ಬೀಳುತ್ತಿದ್ದ ಹಾಗೆಯೇ, ಕೈ ತಲೆಯ ಮೇಲೆ, ಕೆನ್ನೆ ನೆಲಕ್ಕೆ. ಅವನ ಹಿಂದಿನ ಸಾಲು ನಿಂತೇ ಇತ್ತು. ನಮ್ಮ ಯಜಮಾನರು ಕೆಳಗೆ ಬಿದ್ದಿದ್ದ ಅಣ್ಣನನ್ನು ನೋಡಿದರು. ಅವರ ಮೊಣಕಾಲು ಬಗ್ಗಿತು, ನಾನು ಕಣ್ಣಾರೆ ಕಂಡೆ. ಆಮೇಲೆ ಹೇಳಿಕೊಟ್ಟದ್ದು ನೆನಪಾಯಿತೇನೋ, ಮತ್ತೆ ನೆಟ್ಟಗಾದರು. ಬದುಕಿನಲ್ಲಿ ಅಷ್ಟು ನೆಟ್ಟಗೆ ಅವರು ನಿಂತದ್ದನ್ನು ನಾನು ನೋಡಿರಲಿಲ್ಲ. ಎರಡನೆಯ ಸದ್ದಿಗೆ ಅವರು ಹೋದರು.

ಪತ್ರಿಕೆಯಲ್ಲಿ ಚಿತ್ರ ಬಂತು. ಸತ್ತ ನಮ್ಮ ಯಜಮಾನರ ಪಕ್ಕದಲ್ಲಿ ಅಣ್ಣ ಬೋರಲು ಬಿದ್ದಿರುವ ಚಿತ್ರ. ತನ್ನವರನ್ನು ಕಾಪಾಡಲು ಹೋಗಿ ಬಿದ್ದ ವೀರ ಎಂದು ಮುಖಂಡರು ಸಭೆಯಲ್ಲಿ ಅಣ್ಣನನ್ನು ಹೊಗಳಿದರು. ಜನ ಅತ್ತರು. ಅಣ್ಣ ತಲೆ ತಗ್ಗಿಸಿ ಕೂತಿದ್ದ, ಅಲ್ಲ ಅನ್ನಲಿಲ್ಲ. ದೆಹಲಿಗೆ ಅವನೇ ಎಂದು ಅಲ್ಲೇ ಗೊತ್ತಾಗಿಹೋಯಿತು.

ತಿಥಿ ಮುಗಿದ ದಿನ ನಾನು ಅವನ ಮುಂದೆ ಕೂತೆ. "ಅಣ್ಣ, ಜನರ ಮುಂದೆ ಒಂದ್ಸಲ ಹೇಳ್ಬಿಡು. ನಿಲ್ಲಿ ಅಂದಿದ್ದೂ ನಾನೇ, ಬಿದ್ದಿದ್ದೂ ನಾನೇ ಅಂತ."

"ಅದ್ರಿಂದ ನಿಂಗೇನ್ ಸಿಗುತ್ತಮ್ಮ?"

"ಅವರನ್ನ ಶೂರ ಅಂತಿದಾರೆ. ಅವರು ಪುಕ್ಕಲು. ನೀನ್ ಹೇಳಿದ್ಯಲ್ಲ ಅಂತ ನಿಂತ್ರು. ಅದು ಜನಕ್ಕೆ ಗೊತ್ತಾಗ್ಬೇಕು."

"ಹೇಳ್ತೀನಿ ಕಣಮ್ಮ. ಹೋಗೋದ್ರೊಳಗೆ ಹೇಳ್ತೀನಿ" ಎಂದ. ಅವನ ಕಣ್ಣಲ್ಲಿ ನೀರಿತ್ತು, ನಾನು ನಂಬಿದೆ.

ಅವನು ಹೊರಡುವ ದಿನ ದಂಡು ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇರೆ ಯಾವ ಶುಭಕಾರ್ಯದಲ್ಲೂ ಎದುರಿಗೆ ಬರಬೇಡ ಅನ್ನುತ್ತಿದ್ದವರೇ ಅಂದು ನನ್ನ ಕೈ ಹಿಡಿದು ಮುಂದೆ ತಂದು ನಿಲ್ಲಿಸಿದರು. ಹುತಾತ್ಮನ ಹೆಂಡತಿಯಲ್ಲವೇ, ಎಲ್ಲರಿಗೂ ಕಾಣಬೇಕು. ಅಣ್ಣ ಬಿಳಿ ಜುಬ್ಬ ತೊಟ್ಟು, ಕೊರಳ ತುಂಬ ಸೇವಂತಿಗೆ ಹಾರ ಹಾಕಿಕೊಂಡು ಬಂದ. ದೆಹಲಿಗೆ ಹೋಗಲು ಮೊದಲು ಹತ್ತಬೇಕಾದ ಮದರಾಸಿನ ರೈಲು ಬಂದು ನಿಂತಿತು. ಯಾರೋ ಪಟಾಕಿ ಸರಕ್ಕೆ ಬೆಂಕಿ ಇಟ್ಟರು.

ಅಣ್ಣ ಬಿದ್ದ.

ಹತ್ತಿರ ಇದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಹಿಂದಿನಿಂದ ಯಾರೋ ಕೂಗಿದರು, "ನೋಡ್ರೋ, ಹುಟ್ಟಿದ ಮಣ್ಣಿಗೆ ನಮಸ್ಕಾರ ಮಾಡ್ತಿದಾರೆ." ಜೈಕಾರ ಎದ್ದಿತು. ಕೆಲವರು ತಾವೂ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅಣ್ಣನ ಮುಖ ನನ್ನ ಕಾಲ ಹತ್ತಿರವೇ ಇತ್ತು. ಅವನು ನನ್ನನ್ನೇ ನೋಡುತ್ತಿದ್ದ. ತಂಬಿಗೆಗೆ ಸಾಷ್ಟಾಂಗದ ಮಾತು ನನಗೆ ನೆನಪಾದ ಹಾಗೆ ಅವನಿಗೂ ನೆನಪಾಗಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ.

ನಾನು ಬಗ್ಗಿದೆ. "ಈಗ ಹೇಳಣ್ಣ."

ಅವನು ಎದ್ದ. ಜುಬ್ಬದ ಧೂಳು ಕೊಡವಿಕೊಂಡ. ಜನರ ಕಡೆ ತಿರುಗಿ ಕೈ ಮುಗಿದ.

"ಈ ಮಣ್ಣಿಗೆ ಅಡ್ಡಬೀಳದೆ ನಾನು ಹೋಗೋದು ಹೇಗೆ?" ಎಂದ, ಕೆರೆಯ ಆಚೆ ದಡಕ್ಕೂ ಕೇಳುವ ಆ ದನಿಯಲ್ಲಿ.

ರೈಲು ಹೊರಟಿತು. ನಾನು ಯಾರ ಜೊತೆಗೂ ಮಾತಾಡದೆ ಹಲಸೂರಿಗೆ ನಡೆದು ಬಂದೆ. ಬಂದವಳೇ ಪಾತ್ರೆಗಳ ಕೆಳಗೆ ಹಾಸಿದ್ದ ಗೋಣಿಯನ್ನು ಎಳೆದು ಬೀದಿಗೆ ಎಸೆದೆ. ಇನ್ನು ಈ ಮನೆಗೆ ಬಂದರೆ ಅವನು ಬೀಳಲಿ.