ಹಳದಿ ಚೌಕದ ಮುಂದಿನ ಕಾರು

ನನ್ನ ಸ್ಕೂಟಿಗೆ ಹಿಂದೆ ಎರಡು ಹೆಚ್ಚಿನ ಗಾಲಿಗಳಿವೆ, ರಿವರ್ಸ್ ಗೇರು ಮಾತ್ರ ಇಲ್ಲ. ಕಾಲಿದ್ದವರು ನೆಲಕ್ಕೆ ಕಾಲೂರಿ ಹಿಂದಕ್ಕೆ ತಳ್ಳಿಕೊಳ್ಳುತ್ತಾರೆ. ನನ್ನ ಕಾಲುಗಳ ಬಲವನ್ನು ಪೋಲಿಯೊ ಚಿಕ್ಕಂದಿನಲ್ಲೇ ತಿಂದುಹಾಕಿತು. ಹಾಗಾಗಿ ಎಲ್ಲಿ ಒಳಗೆ ಹೋದರೂ ಮುಂದೆ ಹೊರಬೀಳಲು ದಾರಿ ಇದೆಯೇ ಎಂದು ನೋಡಿಯೇ ಹೋಗಬೇಕು.

ಆಳಂದದ ಬಜಾರಿನಲ್ಲಿ ಬ್ಯಾಂಕಿನ ಗೋಡೆಗೆ ತಾಗಿ ಒಂದು ಹಳದಿ ಚೌಕ ಬರೆದು, ನಡುವೆ ಗಾಲಿಕುರ್ಚಿಯ ಚಿತ್ರ ಹಾಕಿದ್ದಾರೆ. ಒಂದು ಕಡೆ ಕರೆಂಟಿನ ಕಂಬ, ಇನ್ನೊಂದು ಕಡೆ ಬ್ಯಾಂಕಿನ ಮೆಟ್ಟಿಲು. ನಾನು ಒಳಗೆ ಹೋಗಿ, ಒಂದು ಸುತ್ತು ತಿರುಗಿ, ರಸ್ತೆಗೆ ಮುಖ ಮಾಡಿ ನಿಲ್ಲಿಸುತ್ತೇನೆ. ನಾನು ಬ್ಲೌಸ್ ಹೊಲಿಯುವ ಅಂಗಡಿ ಮೆಟ್ಟಿಲಿನ ಆಚೆಗೇ ಇದೆ. ಆ ಚೌಕದಲ್ಲಿ ತೊಗರಿ ಚೀಲ ಒಟ್ಟಿದ್ದನ್ನು ಕಂಡಿದ್ದೇನೆ, ಎಮ್ಮೆ ಮಲಗಿದ್ದನ್ನೂ ಕಂಡಿದ್ದೇನೆ. ಎಮ್ಮೆ ಹಾರ್ನ್ ಹೊಡೆದರೆ ಏಳುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತೇನೆ ಎಂದು ಗಿರಾಕಿಗಳಿಗೆ ಹೇಳುತ್ತೇನೆ. ಅದು ಸುಳ್ಳು. ಬಜಾರಿನಲ್ಲಿ ನಾನು ಕೂರಬಲ್ಲ ಶೌಚಾಲಯ ಒಂದೂ ಇಲ್ಲ. ಬೆಳಗಿನಿಂದ ತಡೆದುಕೊಂಡದ್ದಕ್ಕೆ ಮನೆಗೇ ಓಡಬೇಕು.

ಆ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಸ್ಕೂಟಿ ಹತ್ತಿದರೆ, ಚೌಕದ ಬಾಯಿಗೆ ಅಡ್ಡಲಾಗಿ ಬಿಳಿ ಕಾರು ನಿಂತಿತ್ತು. ರೈತರ ತೊಗರಿ ಕೊಂಡು ಮಾರುವ ಅಡತಿ ಅಂಗಡಿಯ ಸಾವಕಾರನದು. ಅವನು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ. ಹಾರ್ನ್ ಹೊಡೆದೆ, ಕೂಗಿದೆ.

“ಐದು ಮಿನಿಟ್ ತಡೀಬೇ! ಎಲ್ಲಿಗೆ ಓಡಿ ಹೋಗಾಕಿದ್ದಿ?” ಎಂದ. ಹೋಟೆಲಿನ ಮಂದಿ ನಕ್ಕರು.

ಎರಡನೇ ಚಹಾ ಬಂತು. ನನ್ನ ಕಿಬ್ಬೊಟ್ಟೆ ಕಲ್ಲಾಗಿತ್ತು, ಹಣೆಯಲ್ಲಿ ಬೆವರು. ಅವನ ಅಡತಿಯಲ್ಲಿ ಚೀಲ ಹೊರುವ ಹಮಾಲರು ಆ ದಾರಿಯಲ್ಲೇ ಬಂದರು. ಅವರಲ್ಲಿ ಹಿರಿಯ, “ಅಕ್ಕಾ, ಗಾಡಿ ಸಮೇತ ಎತ್ತಿ ಆಚೆ ಇಡ್ತೇವ್ರಿ” ಎಂದ.

ಈ ಊರಿನ ಚಟವೇ ಅದು. ಕಾರು ಸರಿಸು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ನನ್ನನ್ನು ಎತ್ತಲು ಎಲ್ಲರ ಕೈ ಮುಂದೆ ಬರುತ್ತದೆ. ಎತ್ತುವವರ ಕೈ ಎಲ್ಲೆಲ್ಲಿ ಹೋಗುತ್ತದೆ ಎಂಬುದು ಎತ್ತಿಸಿಕೊಂಡವಳಿಗೇ ಗೊತ್ತು.

“ನನ್ನ ಮುಟ್ಟಬ್ಯಾಡ್ರಿ. ಎತ್ತೂದಿದ್ರ ಆ ಕಾರ್ ಎತ್ರಿ” ಎಂದೆ.

ಅವರು ಸಾವಕಾರನ ಕಡೆ ನೋಡಿ ತಲೆ ತಗ್ಗಿಸಿದರು.

ನನಗೆ ತಲೆ ಕೆಟ್ಟಿತು. ಸ್ಕೂಟಿಯನ್ನು ಕಾರಿಗೆ ತಾಗುವಷ್ಟು ಮುಂದೆ ತಂದು, ಪಕ್ಕಕ್ಕೆ ಸಿಕ್ಕಿಸಿದ್ದ ನನ್ನ ಕಬ್ಬಿಣದ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಗೆ ಬಾರಿಸಿದೆ. ಮೊದಲ ಏಟಿಗೆ ಏನೂ ಆಗಲಿಲ್ಲ. ಮತ್ತೆ ಬಾರಿಸಿದೆ, ಮತ್ತೆ. ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಕಾರಿನ ಒಳಗೂ ನೆಲದ ಮೇಲೂ ಸುರಿಯಿತು. ಆ ಸದ್ದಿಗೆ ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ.

ಅವನು ಓಡಿ ಬಂದವನೇ ಕೆನ್ನೆಗೆ ಬಿಟ್ಟ. ಕಿವಿ ಗುಂಯ್ ಎಂದಿತು, ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. “ಕುಂಟಿ, ಎಷ್ಟಬೇ ಸೊಕ್ಕು ನಿನಗ!” ಎನ್ನುತ್ತ ಜಡೆಗೆ ಕೈ ಹಾಕಿದ. ಚಿಕ್ಕಂದಿನಿಂದ ಕಾಲಿನ ಕೆಲಸವನ್ನೂ ಮಾಡಿದ ತೋಳುಗಳು ನನ್ನವು. ಊರುಗೋಲಿನ ಹಿಡಿಯನ್ನು ಅವನ ಮೊಣಕೈ ಎಲುಬಿಗೆ ಹೊಡೆದೆ, ಅವನು ಊಳಿಟ್ಟ. ಆದರೂ ಜಡೆ ಬಿಡಲಿಲ್ಲ. ಸ್ಕೂಟಿಯ ಸೀಟಿನಿಂದ ಎಳೆದು ಗಾಜಿನ ಚೂರಿನ ಮೇಲೆ ಕೆಡವಿ, ಸೊಂಟಕ್ಕೆ ಒದ್ದ. ಸುತ್ತ ನಿಂತವರ ಮೊಬೈಲುಗಳು ಮೇಲೆದ್ದವು, ಕಾಲುಗಳು ಕದಲಲಿಲ್ಲ. ಅಷ್ಟು ಹೊತ್ತು ತಡೆದುಕೊಂಡದ್ದು ಆ ಒದೆತಕ್ಕೆ ಹರಿದುಹೋಯಿತು. ಚೂಡಿದಾರ ತೊಯ್ದು, ಹಳದಿ ಗೆರೆಯ ತನಕ ಹರಿಯಿತು. ಏಟಿಗಿಂತ ಹೆಚ್ಚಾಗಿ ಅದೇ ನನ್ನನ್ನು ಕೊಂದಿತು.

ಹಿರಿಯ ಹಮಾಲ ಅದನ್ನು ನೋಡಿದ. ಸಾವಕಾರ ಮತ್ತೆ ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು ತಿರುಚಿದ. “ಸಾಕ್ರಿ ಸಾವಕಾರ್. ಇನ್ನೊಂದು ಏಟು ಹಾಕಿದ್ರ ಕೈ ಮುರೀತೇನಿ” ಎಂದ. ಉಳಿದವರು ಬಗ್ಗಿ, ಚೀಲಕ್ಕೆ ಹೆಗಲು ಕೊಡುವವರಂತೆ ದಮ್ಮು ಹಿಡಿದು ಕಾರಿನ ಹಿಂಭಾಗವನ್ನು ಎತ್ತಿ ಎತ್ತಿ ಪಕ್ಕಕ್ಕೆ ಹಾಕಿದರು. ನನ್ನನ್ನು ಯಾರೂ ಮುಟ್ಟಲಿಲ್ಲ. ಹ್ಯಾಂಡಲ್ ಹಿಡಿದು ನಾನೇ ಜೋತು ಹತ್ತಿದೆ.

“ದಾರಿ ಆತು, ಹೋಗ್ರಿ ಅಕ್ಕಾ” ಎಂದ ಹಿರಿಯ, ಬೇರೆ ಕಡೆ ನೋಡುತ್ತ.

ತೊಯ್ದ ಬಟ್ಟೆಯಲ್ಲೇ ಇಡೀ ಬಜಾರಿನ ನಡುವೆ ಮನೆಗೆ ಹೋದೆ. ಸಂಜೆ ಓಣಿಯ ಹಿರಿಯರು ಬಂದು, “ಹೆಣ್ಣಮಗಳಾಗಿ ಬಜಾರದಾಗ ಹೊಡೆದಾಟ ಏನವ್ವಾ? ಸ್ವಲ್ಪ ದಿನ ಅಂಗಡಿ ಬಂದ್ ಇಡು” ಎಂದರು. ಅವರಿಗೆ ಬಾಗಿಲು ತೋರಿಸಿದೆ.

ಮರುದಿನ ಬೆಳಿಗ್ಗೆ ಊದಿದ ತುಟಿಯಲ್ಲೇ ಹೊರಟೆ. ಅದೇ ಕಾರು ಈ ಸಲ ಚೌಕದ ಒಳಗೇ, ಗಾಲಿಕುರ್ಚಿಯ ಚಿತ್ರದ ಮೇಲೆ ನಿಂತಿತ್ತು. ಒಡೆದ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಎದುರಿನ ಹೋಟೆಲಿನಲ್ಲಿ ಅವನು ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ. ನಾನು ಊರುಗೋಲು ಕೈಗೆ ತೆಗೆದುಕೊಂಡೆ. ಕಾರಿನ ಮುಂದಿನ ಗಾಜು ಇನ್ನೂ ಇತ್ತು.