ಮೀಟರಿಗಿಂತ ಮೊದಲು ಓದಿದವಳು

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಟೇಕಲ್‌ನ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿತೆಂದು ಅಮ್ಮ ಹೊರಟವರು ಮತ್ತೆ ಕೂತರೆ, "ಪಾಪ, ಅದಕ್ಕೆ ಹಸಿವಾಗಿರುತ್ತೆ, ಬಾರಮ್ಮ" ಎಂದು ರೇಗಿಸುತ್ತಿದ್ದವಳು ನಾನು. ರಸಾಯನಶಾಸ್ತ್ರ ಓದಿದವಳೆಂಬ ಜಂಬವೂ ಸ್ವಲ್ಪ ಇತ್ತೆನ್ನಿ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ನೀವೂ ಹೋಗಬಹುದು, ಬೇಜಾರಿಲ್ಲ.

ಆಗ ನಾನು ಮತ್ತು ನಸೀಮಾ ಕೋಲಾರದಲ್ಲಿ ಒಬ್ಬರೇ ಮೇಷ್ಟ್ರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದೆವು. ಅವಳು ಮುಳಬಾಗಿಲಿನಿಂದ, ನಾನು ಟೇಕಲ್‌ನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆವು. ತಾಮ್ರದ ಅಯಾನುಗಳು ಅಮೈನೋ ಆಮ್ಲಕ್ಕೂ ಪಾಲಿಮರಿಗೂ ಹೇಗೆ ಅಂಟಿಕೊಳ್ಳುತ್ತವೆ ಎಂದು ನೋಡುವುದು ನಮ್ಮ ಕೆಲಸ. ಎರಡೂ ಒಂದೇ ಪಾತ್ರೆಯಲ್ಲಿದ್ದರೆ ತಾಮ್ರ ಯಾರ ಪಾಲಾಗುತ್ತದೆ? ಒಬ್ಬನೇ ವರನಿಗೆ ಎರಡು ಮನೆಯವರು ಗಂಟುಬಿದ್ದ ಹಾಗೆ ಎಂದು ನಸೀಮಾ ನಗುತ್ತಿದ್ದಳು.

ನೋಡುವ ಕ್ರಮ ಸರಳ. ಬ್ಯುರೆಟ್ ಎಂಬ ಗಾಜಿನ ನಳಿಗೆಯಿಂದ ದ್ರಾವಣಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ಪ್ರತಿ ಸಲವೂ ಮೀಟರ್ ತೋರಿಸುವ ಪಿಎಚ್ ಅಂಕಿಯನ್ನು ಬರೆದುಕೊಳ್ಳಬೇಕು. ಅಂಕಿ ಏರುವ ಬಗೆಯಿಂದ ಯಾರು ಯಾರನ್ನು ಹಿಡಿದರೆಂದು ಗೊತ್ತಾಗುತ್ತದೆ. ಕೊನೆಗೆ ದ್ರಾವಣ ಮಬ್ಬಾದರೆ ಮುಗಿಯಿತು, ಓದುವುದನ್ನು ನಿಲ್ಲಿಸುತ್ತೇವೆ. ಹನಿ ಬಿಟ್ಟು ಬರೆಯುವವಳು ನಾನು, ಓದುವವಳು ಅವಳು. ನಾನು "ಓದೇ" ಎಂದರೆ ಅವಳು ಇಂಗ್ಲಿಷಿನಲ್ಲಿ ಅಂಕಿ ಹೇಳುತ್ತಿದ್ದಳು. ದಿನವಿಡೀ ಇದೇ ನಮ್ಮ ಮಾತುಕತೆ.

ಆ ವರ್ಷ ಮಳೆ ನಿಂತ ಮೇಲೆ ನಸೀಮಾಗೆ ಡೆಂಗಿ ಬಂತು. ಕೋಲಾರದಲ್ಲೇ ಒಂದು ಆಸ್ಪತ್ರೆಗೆ ಸೇರಿಸಿದರು. ಜ್ವರ ತಲೆಗೇರಿ ಅವಳಿಗೆ ಎಚ್ಚರವೇ ಇಲ್ಲದಂತಾಯಿತು. "ಇವತ್ತೊಂದು ದಿನ ಕಳೀಲಿ, ನೋಡೋಣ" ಎಂದುಬಿಟ್ಟರು ಡಾಕ್ಟರು. ಹತ್ತಿರ ಒಬ್ಬರನ್ನೇ ಬಿಡುತ್ತಿದ್ದರಾದ್ದರಿಂದ ಅವಳ ಅಮ್ಮ ಕೂತಿದ್ದರು. ನಾನು ಆಸ್ಪತ್ರೆಯ ಗೇಟಿನ ಬಳಿ ಶತಪಥ ಹಾಕಿದೆ. ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಮಧ್ಯಾಹ್ನ ಲ್ಯಾಬಿಗೆ ಬಂದುಬಿಟ್ಟೆ. ಜ್ವರ ಬಂದು ಮಲಗುವ ಮುಂಚೆ ನಸೀಮಾಳೇ ತಯಾರಿಸಿಟ್ಟ ಪಾಲಿಮರ್ ದ್ರಾವಣ ಅಲ್ಲಿತ್ತು. ತಾಮ್ರ, ಗ್ಲೈಸಿನ್ ಎಂಬ ಅಮೈನೋ ಆಮ್ಲ, ಆ ಪಾಲಿಮರ್ ಮೂರನ್ನೂ ಸೇರಿಸಿ ನಾವು ಅದುವರೆಗೆ ಒಮ್ಮೆಯೂ ಮಾಡಿರಲಿಲ್ಲ. ಕೈಗೆ ಕೆಲಸ ಕೊಟ್ಟರಾದರೂ ಮನಸ್ಸು ನಿಂತೀತು ಎಂದು ಶುರು ಮಾಡಿದೆ.

ಮನಸ್ಸು ಎಲ್ಲಿ ನಿಲ್ಲುತ್ತದೆ? ಹನಿ ಬಿಡುವುದು, ಫೋನ್ ನೋಡುವುದು. ಕೊನೆಗೆ ತಡೆಯಲಾರದೆ ಅವಳ ಅಮ್ಮನಿಗೆ ಫೋನ್ ಮಾಡಿದೆ.

"ಕಣ್ಣೇ ಬಿಡ್ತಾ ಇಲ್ಲಮ್ಮಾ" ಎಂದರು. "ಕರ್ದೂ ಕರ್ದೂ ಸಾಕಾಯ್ತು. ಫೋನ್ ಅವಳ ಕಿವಿ ಹತ್ರ ಇಡ್ತೀನಿ, ನೀನೇ ಏನಾದ್ರೂ ಮಾತಾಡು ಬೇಟಾ. ನಿನ್ ದನಿಗಾದ್ರೂ ಏಳ್ತಾಳೇನೋ."

ಸ್ಪೀಕರ್ ಹಾಕಿ ಫೋನನ್ನು ಮೀಟರಿನ ಪಕ್ಕದಲ್ಲಿಟ್ಟೆ. ಏನು ಮಾತಾಡುವುದು? ಒಂದು ಹನಿ ಬಿಟ್ಟು, ರೂಢಿಯ ಬಲದಿಂದ "ಓದೇ" ಎಂದೆ.

"ಫೋರ್ ಪಾಯಿಂಟ್ ಟೂ ಸಿಕ್ಸ್."

ಧ್ವನಿ ಅವಳದೇ, ನಾಲಿಗೆ ಒಣಗಿದವರ ಧ್ವನಿ. ಆ ಕಡೆಯಿಂದ ಅವಳ ಅಮ್ಮ "ಯಾ ಅಲ್ಲಾ, ಬಾಯಿ ಬಿಟ್ಳು!" ಎಂದು ಕೂಗಿದರು. ನನಗೂ ಖುಷಿಯೇ ಆಯಿತು. ಆಮೇಲೆ ಮೀಟರ್ ನೋಡಿದೆ. ಅದರಲ್ಲೂ ಅದೇ ಅಂಕಿ.

ಕಾಕತಾಳೀಯ ಎಂದುಕೊಂಡೆ. ಇನ್ನೊಂದು ಹನಿ ಬಿಟ್ಟೆ, ಮತ್ತೆ ಹೇಳಿದಳು, ಮತ್ತೆ ಸರಿ. ಹಾಗೆಯೇ ಮುಂದುವರಿಯಿತು. ನಾನು ಒಂದು ಅಂಕಿಯನ್ನೂ ಬಾಯಿಬಿಟ್ಟು ಹೇಳಲಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ. ಹಳೆಯ ಪ್ರಯೋಗಗಳ ಅಂಕಿಗಳು ಅವಳಿಗೆ ಬಾಯಿಪಾಠವಾಗಿದ್ದಿರಬಹುದು. ಆದರೆ ಈ ಮಿಶ್ರಣದ ಅಂಕಿ ನನಗೇ ಗೊತ್ತಿರಲಿಲ್ಲ.

ನಡುವೆ ಒಂದು ಕಡೆ ಅವಳು ಹಿಂದಿನದಕ್ಕಿಂತ ಕಡಿಮೆ ಅಂಕಿ ಹೇಳಿದಳು. ಕ್ಷಾರ ಹಾಕಿದರೆ ಅಂಕಿ ಏರಬೇಕೇ ಹೊರತು ಇಳಿಯಬಾರದು. ಮೀಟರಿನಲ್ಲೂ ಏರಿಯೇ ಇತ್ತು. ಸದ್ಯ, ತಪ್ಪಿದಳು ಎಂದು ನಿಟ್ಟುಸಿರು ಬಿಟ್ಟೆ. ನೋಡುತ್ತಿದ್ದಂತೆ ಮೀಟರಿನ ಅಂಕಿ ಮೆಲ್ಲಗೆ ಜಾರತೊಡಗಿತು. ಜಾರಿ ಜಾರಿ ಅವಳು ಹೇಳಿದ ಕಡೆಯೇ ಬಂದು ನಿಂತಿತು. ಪಾಲಿಮರ್ ತಡವಾಗಿ ತಾಮ್ರವನ್ನು ಹಿಡಿದರೆ ಹಾಗೆ ಇಳಿಯುವುದುಂಟು ಎಂದು ಈಗ ವಿವರಿಸಬಲ್ಲೆ. ಅದು ಇಳಿಯುವ ಮುಂಚೆ ಅವಳಿಗೆ ಹೇಗೆ ತಿಳಿಯಿತೆಂದು ವಿವರಿಸಲಾರೆ.

ದ್ರಾವಣ ಕಡುನೀಲಿಗೆ ತಿರುಗಿತ್ತು. ಇನ್ನೇನು ಮಬ್ಬಾಗುವ ಹಂತ. ಆಗ ಆ ಯೋಚನೆ ಬಂತು. ಮಬ್ಬಾದರೆ ಇವಳು ಓದುವುದನ್ನು ನಿಲ್ಲಿಸುತ್ತಾಳೆ. ನಿಲ್ಲಿಸಿದರೆ? ಹುಚ್ಚು ಯೋಚನೆ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಹೆದರಿ ನೀರಾದೆ.

"ಯಾಕ್ ಸುಮ್ನಾದೆ ಬೇಟಾ? ಮಾತಾಡು, ಅವಳೂ ಮಾತಾಡ್ತಾ ಅವ್ಳೆ" ಎಂದು ಅವಳ ಅಮ್ಮ ಅಂಗಲಾಚಿದರು.

ಅಷ್ಟರಲ್ಲಿ ನಸೀಮಾಳೇ, ನನ್ನ ನಿಧಾನಕ್ಕೆ ದಿನಾ ಸಿಡುಕುವ ಅದೇ ಧ್ವನಿಯಲ್ಲಿ, "ಹಾಕೇ, ಇನ್ನೊಂದ್ ಹಾಕು" ಎಂದಳು.

ನಾನು ಹಾಕಲಿಲ್ಲ. ಬ್ಯುರೆಟ್ಟನ್ನು ಬಿಗಿಯಾಗಿ ಮುಚ್ಚಿ, "ಹಾಕಲ್ಲ ಹೋಗೇ! ಬಾಕಿ ಇರೋದನ್ನ ನೀನೇ ಬಂದು ಹಾಕು" ಎಂದು ಕೂಗಿ ಅತ್ತುಬಿಟ್ಟೆ. ಆಮೇಲೆ ಫೋನಿನಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು. ಫೋನನ್ನು ಕಿವಿಗೆ ಒತ್ತಿಕೊಂಡೇ ಆಟೋ ಹತ್ತಿ ಆಸ್ಪತ್ರೆಗೆ ಓಡಿದೆ.

ಸಂಜೆ ನಸೀಮಾ ಕಣ್ಣು ಬಿಟ್ಟಳು, ನೀರು ಕೇಳಿದಳು. ಜ್ವರ ಇಳಿಯುವ ಹೊತ್ತಾಗಿತ್ತು, ಇಳಿಯಿತು ಎಂದರು ಡಾಕ್ಟರು. ಇರಬಹುದು. ಅವಳಿಗೆ ಏನೂ ನೆನಪಿರಲಿಲ್ಲ. ಅವಳ ಅಮ್ಮನ ಪಾಲಿಗೆ ಅದು ಮಗಳು ಇಂಗ್ಲಿಷಿನಲ್ಲಿ ಏನೋ ಕನವರಿಸಿದ್ದು, ಅಷ್ಟೆ. ಮೇಷ್ಟ್ರಿಗೆ ಹೇಳಿದಾಗ, "ನೀನು ನಿದ್ದೆಗೆಟ್ಟಿದ್ದೆ ಕಣಮ್ಮ, ಅವಳು ಹೇಳಿದ್ದೇ ಮೀಟರಲ್ಲಿ ಕಂಡಿರುತ್ತೆ" ಎಂದರು. ನಾನೂ ಹಾಗೇ ಅಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಆ ಮಿಶ್ರಣವನ್ನು ಆಮೇಲೆ ಎಷ್ಟೋ ಸಲ ಮಾಡಿದೆವು. ಆ ಒಂದು ಜಾಗದಲ್ಲಿ ಅಂಕಿ ಏರಿ, ಮತ್ತೆ ಜಾರಿ, ಅವಳು ಅಂದು ಹೇಳಿದ ಕಡೆಯೇ ಪ್ರತಿ ಸಲವೂ ನಿಂತಿತು. ಹಾಗಾದರೆ ನಾನು ಕಂಡದ್ದು ಭ್ರಮೆಯಲ್ಲ.

ಈಗ ಅವಳು ಮುಳಬಾಗಿಲಿನಲ್ಲಿ, ನಾನು ಶ್ರೀನಿವಾಸಪುರದಲ್ಲಿ ಪಾಠ ಮಾಡುತ್ತೇವೆ. ರಜೆ ಬಂದಾಗ ಹಳೆಯ ಲ್ಯಾಬಿನಲ್ಲಿ ಸೇರಿ ಕೆಲಸ ಮಾಡುವುದುಂಟು. ದ್ರಾವಣ ಮಬ್ಬಾಗುವ ಹೊತ್ತಿಗೆ ನನ್ನ ಕೈ ತಾನಾಗಿ ನಿಲ್ಲುತ್ತದೆ.

"ಏನೇ, ಇದನ್ನೆಲ್ಲ ನಂಬಲ್ಲ ಅಂತೀಯ. ಹಾಗಾದ್ರೆ ಹಾಕು" ಎಂದು ರೇಗಿಸುತ್ತಾಳೆ.

ನಂಬುವುದಿಲ್ಲ, ಈಗಲೂ ನಂಬುವುದಿಲ್ಲ. ಆದರೂ ಆ ಕೊನೆಯ ಹನಿಯನ್ನು ಅವಳ ಕೈಯಲ್ಲೇ ಬಿಡಿಸುತ್ತೇನೆ. ನಾನು ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಲ್ಲುತ್ತೇನೆ. ಒಳಗಿನಿಂದ ಅವಳು "ಬಾರೇ, ಮುಗೀತು" ಎಂದು ಕೂಗುವವರೆಗೆ ನನ್ನ ಜೀವ ಕೈಯಲ್ಲಿರುತ್ತದೆ.