ಮಚ್ಚೆಯ ಅಂಚು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಫೋಟೊ ಅಕ್ಕ ಎಂದೇ ಕರೆಯುತ್ತಿದ್ದರು. ಚರ್ಮರೋಗ ವಿಭಾಗದ ಕೊನೆಯಲ್ಲಿ, ಹಿಂದೆ ಹಾಸಿಗೆ ಬಟ್ಟೆ ತುಂಬಿಡುತ್ತಿದ್ದ ಒಂದು ಕಿರುಕೋಣೆ ಅವಳದು. ಗೋಡೆಗೆ ನೀಲಿ ಬಟ್ಟೆ, ರೋಗಿಗೆ ಕೂರಲು ತಿರುಗುವ ಸ್ಟೂಲು, ತಾನು ಎಲ್ಲಿ ನಿಲ್ಲಬೇಕೆಂದು ನೆಲಕ್ಕೆ ಅಂಟಿಸಿಕೊಂಡ ಬಿಳಿ ಪಟ್ಟಿ. ಮಚ್ಚೆ, ಕಲೆ, ಬೊಕ್ಕೆ, ಗಾಯಗಳ ಪಕ್ಕದಲ್ಲಿ ಪುಟ್ಟ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ದಿನಾಂಕ ಹಾಕಿ ಡಾಕ್ಟರಿಗೆ ಒಪ್ಪಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ದಾರಿಯಲ್ಲಿ ಸಿಕ್ಕಿದ ರೋಗಿಯ ಮುಖ ನೆನಪಾಗದಿದ್ದರೂ, ಅವನು ಬೆನ್ನು ತಿರುಗಿಸಿದರೆ ಗುರುತು ಹಿಡಿಯುತ್ತಿದ್ದಳು.

ಅದಕ್ಕೂ ಮೊದಲು, ಹುಡುಗಿಯಾಗಿದ್ದಾಗ, ಅವಳು ಸೋದರಮಾವನ ಸ್ಟುಡಿಯೋದಲ್ಲಿ ಇದ್ದಳು. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಜನರ ಮೊಡವೆ, ಸುಕ್ಕು, ಕಣ್ಣಡಿಯ ಕಪ್ಪು ಎಲ್ಲವನ್ನೂ ಮಾಯ ಮಾಡುವುದು ಅವಳ ಪಾಲಿನ ಕೆಲಸ. ಗಿರಾಕಿಗಳು ಖುಷಿಯಿಂದ ಹೋಗುತ್ತಿದ್ದರು. ಅವಳಿಗೆ ಮಾತ್ರ ಅಂದಿನಿಂದ ಚೆಂದದ ಫೋಟೊ ಕಂಡರೆ ಯಾರ ಕೈವಾಡವಪ್ಪಾ ಇದು ಎನ್ನಿಸುವುದು ಅಭ್ಯಾಸವಾಗಿಹೋಯಿತು. ಮನೆಯಲ್ಲೂ ಅಷ್ಟೇ. ತರಕಾರಿಯವನ ತಕ್ಕಡಿ, ಗೋಡೆ ಗಡಿಯಾರ, ನಾದಿನಿಯ ತಲೆನೋವು, ಯಾವುದನ್ನೂ ಅವಳು ಒಂದೇ ಮಾತಿಗೆ ನಂಬಿದವಳಲ್ಲ. ಗಂಡ ನಿವೃತ್ತ ಬಸ್ ಡ್ರೈವರ್. ಬಾಗಿಲಿಗೆ ಬೀಗ ಹಾಕಿ ಬಂದೆ ಎಂದರೆ ಅವಳು ಎದ್ದು ಹೋಗಿ ಎಳೆದು ನೋಡುವುದು ಅವನಿಗೆ ರೂಢಿಯಾಗಿತ್ತು.

ಹೊಸದಾಗಿ ಬಂದ ಚರ್ಮದ ಡಾಕ್ಟರ್ ಚುರುಕಿನ ಮನುಷ್ಯ. ಬಂದ ತಿಂಗಳಲ್ಲೇ ಅವಳ ಹಳೆಯ ಕ್ಯಾಮೆರಾವನ್ನು ಬೀರುವಿಗೆ ಸೇರಿಸಿ, ಒಂದು ತೆಳ್ಳನೆಯ ಫೋನು ಕೈಗಿತ್ತ. ಆ ಕ್ಯಾಮೆರಾ ಇಟ್ಟಿಗೆಯಷ್ಟು ಭಾರ, ಲೆನ್ಸಿನ ಸುತ್ತ ಬಳೆಯಂತೆ ಬೆಳಕು ಬೀರುವ ಫ್ಲ್ಯಾಶ್ ಇತ್ತು. ಫೋನಿನ ಲೆನ್ಸು ಬೇಳೆಕಾಳಿನಷ್ಟಿದ್ದರೂ ಒಳಗಿನ ಸಾಫ್ಟ್‌ವೇರ್ ಬಹಳ ಬುದ್ಧಿವಂತ, ಈಗೆಲ್ಲ ಫೋಟೊ ಚೆನ್ನಾಗಿ ಬರುವುದು ಅದರಿಂದಲೇ ಎಂದು ಡಾಕ್ಟರ್ ವಿವರಿಸಿದ. ಬುದ್ಧಿವಂತ ಎಂಬ ಮಾತೇ ಅವಳಿಗೆ ಹಿಡಿಸಲಿಲ್ಲ. ಕಂಡದ್ದನ್ನು ಹೇಳುವುದಕ್ಕೆ ಬುದ್ಧಿ ಯಾಕೆ ಬೇಕು ಎಂದು ನರ್ಸ್ ಎದುರು ಗೊಣಗಿದಳು. ಆದರೂ ಫೋಟೊಗಳು ಚೆನ್ನಾಗಿಯೇ ಬಂದವು. ಕತ್ತಲ ಮೂಲೆಯಲ್ಲೂ ಬೆಳಕು, ಕೈ ನಡುಗಿದರೂ ಸ್ಪಷ್ಟ. ಅಷ್ಟು ಚೆನ್ನಾಗಿ ಬರುತ್ತಿರುವುದೇ ಅವಳ ಮನಸ್ಸನ್ನು ಕೊರೆಯತೊಡಗಿತು.

ಒಂದು ಮಂಗಳವಾರ ಒಬ್ಬ ಟೈಲರ್ ಬಂದ. ಅವನ ಬಲಗಿವಿಯ ಹಿಂದೆ ಒಂದು ಕಪ್ಪು ಮಚ್ಚೆ. ಒಂದೂವರೆ ವರ್ಷದಿಂದ ಮೂರು ತಿಂಗಳಿಗೊಮ್ಮೆ ಅದರ ಫೋಟೊ ತೆಗೆಯುತ್ತಿದ್ದರು, ಬದಲಾದರೆ ತಿಳಿಯಲಿ ಎಂದು. ಅವಳಿಗೆ ಅದರ ಅಂಚು ಚೆನ್ನಾಗಿ ನೆನಪಿತ್ತು. ಹರಿದ ಕಾಗದದಂತೆ ಅಂಕುಡೊಂಕು. ಅವತ್ತು ಫೋನಿನಲ್ಲಿ ಅದು ದುಂಡಗೆ, ನುಣ್ಣಗೆ ಬಂತು. ಡಾಕ್ಟರ್ ಪರದೆಯ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿ, ಏನೂ ಹೆದರಬೇಕಿಲ್ಲ, ಕಡಿಮೆಯೇ ಆದಂತಿದೆ ಎಂದ. ಹೊರಗೆ ಜನ ಕಿಕ್ಕಿರಿದಿದ್ದರು. ಟೈಲರ್ ಅಂಗಿ ಕಾಲರ್ ಸರಿಮಾಡಿಕೊಳ್ಳುತ್ತ ಅವಳಿಗಷ್ಟೇ ಕೇಳುವಂತೆ ಹೇಳಿದ:

"ಕಮ್ಮಿ ಆಗಿದೆ ಅಂತಾರೆ. ಆದ್ರೆ ಈಗೀಗ ಟವೆಲ್‌ಗೆ ತಗಲುತ್ತೆ ಅಕ್ಕ. ಮೊದಲು ತಗಲ್ತಿರಲಿಲ್ಲ."

ಆ ಮಾತು ಅವಳ ಕಿವಿಯಲ್ಲೇ ಉಳಿಯಿತು. ಕಮ್ಮಿಯಾದ ಮಚ್ಚೆ ಟವೆಲಿಗೆ ಯಾಕೆ ತಗಲಬೇಕು?

ಮೊದಲ ಅನುಮಾನ ಹೋದದ್ದು ನರ್ಸ್ ಮೇಲೆ. ಫೋಟೊಗಳನ್ನು ಕಂಪ್ಯೂಟರಿಗೆ ಸೇರಿಸುವವಳು ಅವಳೇ. ಯಾರದೋ ಮಚ್ಚೆಯನ್ನು ಯಾರದೋ ಹೆಸರಿಗೆ ಹಾಕಿದ್ದಾಳೆಂದು ಫೋಟೊ ಅಕ್ಕ ಎರಡು ದಿನ ಅವಳ ಬೆನ್ನ ಹಿಂದೆಯೇ ನಿಂತು ಪಟ್ಟಿ ತಾಳೆ ನೋಡಿದಳು. ಒಂದೂ ತಪ್ಪಿರಲಿಲ್ಲ. ನರ್ಸ್ ಮುಖ ಊದಿಸಿಕೊಂಡು ವಾರವಿಡೀ ಅವಳ ಜೊತೆ ಊಟಕ್ಕೆ ಕೂರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಹಳೆ ಕ್ಯಾಮೆರಾ, ಫೋನು ಎರಡನ್ನೂ ಮನೆಗೆ ತಂದಿಟ್ಟುಕೊಂಡು ಗಂಡನನ್ನು ಕಿಟಕಿಯ ಪಕ್ಕ ಕೂರಿಸಿದಳು. ವರ್ಷಗಟ್ಟಲೆ ಬಸ್ಸಿನ ಕಿಟಕಿಗೆ ಊರಿ ಬಿಸಿಲು ತಿಂದ ಅವನ ಬಲಗೈ ತುಂಬ ಸಣ್ಣಸಣ್ಣ ಕಲೆಗಳು. ಸೂಜಿಯ ತುದಿ ಹಿಡಿದು ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದೊಂದನ್ನೇ ಎಣಿಸಿದಳು. ಗಂಡ ಅಲುಗಾಡದೆ ಕೂತಿದ್ದ.

"ಈಗ ನನ್ನ ಕೈ ಮೇಲೂ ಅನುಮಾನನಾ ನಿಂಗೆ?" ಎಂದು ಕೇಳಿದ.

"ಕೈ ಮೇಲಲ್ಲ, ಸುಮ್ನೆ ಕೂತ್ಕೊಳ್ಳಿ. ಲೆಕ್ಕ ತಪ್ಪತ್ತೆ."

ಕಣ್ಣಿಗೆ ಕಂಡದ್ದು ಮೂವತ್ತೊಂದು. ಹಳೆ ಕ್ಯಾಮೆರಾದಲ್ಲಿ ಮೂವತ್ತೊಂದು. ಫೋನಿನಲ್ಲಿ ಹತ್ತೊಂಬತ್ತು. ಚರ್ಮವನ್ನು ಚೆಂದಗಾಣಿಸುವ ಗುಂಡಿಯೊಂದು ಫೋನಿನಲ್ಲಿರುವುದು ಅವಳಿಗೆ ಗೊತ್ತಿತ್ತು. ಅದು ಆಫ್ ಆಗಿಯೇ ಇತ್ತು. ಹಾಗಿದ್ದರೂ ಹನ್ನೆರಡು ಕಲೆಗಳು ಎಲ್ಲಿಗೆ ಹೋದವು? ಪೆನ್ಸಿಲ್ ಹಿಡಿದು ಕೂತ ಹುಡುಗಿಯೊಬ್ಬಳು ಆ ತೆಳ್ಳನೆಯ ಫೋನಿನೊಳಗೂ ಇದ್ದಾಳೆಂದು ಅವಳಿಗೆ ಖಾತ್ರಿಯಾಯಿತು. ತಪ್ಪು ಮಾಡಬೇಕೆಂದು ಅಲ್ಲ, ಚೆನ್ನಾಗಿ ಕಾಣಲಿ ಎಂದು ಅಳಿಸುತ್ತಿದ್ದಾಳೆ.

ಮಾರನೆಯ ದಿನ ಡಾಕ್ಟರ್ ಎರಡೂ ಫೋಟೊಗಳನ್ನು ತಾಳ್ಮೆಯಿಂದಲೇ ನೋಡಿದ. ಕೊನೆಗೆ ಕುರ್ಚಿಗೆ ಒರಗಿ ಕೇಳಿದ:

"ಸಾಫ್ಟ್‌ವೇರ್ ಅಳಿಸುತ್ತೆ, ಒಪ್ಕೊಳ್ಳೋಣ. ಆದ್ರೆ ನಿಮ್ಮ ಹಳೇ ಕ್ಯಾಮೆರಾ ಇದ್ದಿದ್ದನ್ನ ಇದ್ದ ಹಾಗೇ ತೋರಿಸುತ್ತೆ ಅಂತ ಹೇಗೆ ಹೇಳ್ತೀರಾ? ಅದನ್ನ ಯಾವಾಗ ಪರೀಕ್ಷೆ ಮಾಡಿದ್ರಿ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಫೋನು ತಂದವನು ಅವನು, ಅದರ ತಪ್ಪು ಮುಚ್ಚಲು ನನ್ನ ಕ್ಯಾಮೆರಾದ ಮೇಲೆ ಹಾಕುತ್ತಿದ್ದಾನೆ ಎಂದುಕೊಂಡು ಕೋಣೆಗೆ ಬಂದು ಕದ ಮುಂದೆ ಮಾಡಿಕೊಂಡಳು. ಅವನ ಬಾಯಿ ಮುಚ್ಚಿಸಬೇಕೆಂದೇ ಬಿಳಿ ಕಾಗದದ ಮೇಲೆ ಒಂದು ಸಾಸಿವೆ ಕಾಳಿಟ್ಟು ಹಳೆ ಕ್ಯಾಮೆರಾದಲ್ಲಿ ಫೋಟೊ ತೆಗೆದಳು. ಫ್ಲ್ಯಾಶ್ ಸುತ್ತಲಿಂದ ಬೆಳಕು ಕೊಡಬೇಕು, ಕಾಳಿಗೆ ನೆರಳೇ ಇರಬಾರದು. ಆದರೆ ಒಂದು ಪಕ್ಕ ಕಪ್ಪು ನೆರಳು ಬಾಲದಂತೆ ಚಾಚಿತ್ತು. ಕಾಗದ ತಿರುಗಿಸಿ ತೆಗೆದಳು, ಮತ್ತೆ ಅದೇ ಪಕ್ಕ. ಬಳೆಯಂಥ ಆ ಫ್ಲ್ಯಾಶಿನೊಳಗೆ ಎರಡು ದೀಪಗಳಿದ್ದವು, ಎಡದ್ದು ಸತ್ತಿತ್ತು.

ಸಂಜೆಯವರೆಗೂ ಅವಳು ಹಳೆಯ ಫೋಟೊಗಳನ್ನು ಹಿಂದಕ್ಕೆ ಹಿಂದಕ್ಕೆ ನೋಡುತ್ತ ಹೋದಳು. ನೆರಳು ಮೊದಲು ಕಾಣಿಸಿಕೊಂಡು ಹತ್ತಿರ ಹತ್ತಿರ ಮೂರು ವರ್ಷವಾಗಿತ್ತು. ಅಷ್ಟೂ ಕಾಲ ಅವಳ ಫೋಟೊಗಳಲ್ಲಿ ಮಚ್ಚೆಗಳು ಇದ್ದುದಕ್ಕಿಂತ ಉಬ್ಬಿ, ಅಂಚು ಇದ್ದುದಕ್ಕಿಂತ ಒರಟಾಗಿ ಕಂಡಿದ್ದವು. ತರಕಾರಿಯವನ ತಕ್ಕಡಿಯನ್ನು ಪ್ರತಿವಾರ ಪರೀಕ್ಷಿಸಿದವಳು ತನ್ನ ಕೈಯಲ್ಲಿದ್ದದ್ದನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಹೊಸ ದೀಪ ಹಾಕಿಸಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಾರದೇ ಇರಲಿಲ್ಲ, ಬಂತು. ಸ್ವಲ್ಪ ಹೊತ್ತು ಮಡಿಲಲ್ಲಿ ಕ್ಯಾಮೆರಾ ಇಟ್ಟುಕೊಂಡು ಕೂತಳು. ಆಮೇಲೆ ಅದನ್ನು ಹಿಡಿದು ಡಾಕ್ಟರ್ ಕೋಣೆಗೆ ಹೋದಳು.

"ನೀವು ಹೇಳಿದ್ದು ನಿಜ. ಇದೂ ಸುಳ್ಳೇ ಹೇಳಿದೆ," ಎಂದಳು. "ಅದು ಇರೋದನ್ನ ಅಳಿಸ್ತು, ಇದು ಇಲ್ಲದ್ದನ್ನ ಎಬ್ಬಿಸ್ತು. ಈಗ ಆ ಟೈಲರ್ ಕಿವಿ ಹಿಂದೆ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಡಾಕ್ಟರ್ ಗೆದ್ದವನ ಹಾಗೆ ನಗುತ್ತಾನೆಂದು ಅವಳು ಕಾದಿದ್ದಳು. ಅವನು ನಗಲಿಲ್ಲ. ಅಲ್ಲೇ ಟೈಲರಿಗೆ ಫೋನು ಮಾಡಿಸಿ ಮರುದಿನ ಬರಲು ಹೇಳಿದ.

ಮರುದಿನ ಅವರು ಮೊದಲು ಫೋಟೊ ತೆಗೆಯಲಿಲ್ಲ. ಡಾಕ್ಟರ್ ಭೂತಗನ್ನಡಿ ಹಿಡಿದು ನೋಡಿದ, ಬೆರಳಿಟ್ಟು ಸವರಿದ, ಅಳತೆಪಟ್ಟಿ ಇಟ್ಟು ಅಳೆದು ಬರೆದುಕೊಂಡ. ಮಚ್ಚೆ ಅಗಲವಾಗಿತ್ತು, ಒಂದು ಮೂಲೆಯಲ್ಲಿ ಗಟ್ಟಿಯಾಗಿತ್ತು. ಅವತ್ತೇ ಅದನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ವರದಿ ಬಂತು: ಕ್ಯಾನ್ಸರಿಗೆ ತಿರುಗಲು ಶುರುವಾಗಿದೆ, ಆಳಕ್ಕೆ ಇಳಿದಿಲ್ಲ. ಸುತ್ತಲಿನ ಚರ್ಮವನ್ನೂ ಸ್ವಲ್ಪ ತೆಗೆದು ಹೊಲಿಗೆ ಹಾಕಿದರು. ಹೊಲಿಗೆ ಬಿಚ್ಚಿಸಲು ಬಂದ ಟೈಲರ್, ಹೊಲಿಗೆ ಸ್ವಲ್ಪ ಒತ್ತೊತ್ತಾಗಿ ಬಿದ್ದಿದೆ ಎಂದು ಡಾಕ್ಟರಿಗೇ ಪಾಠ ಹೇಳಿದ.

ಫೋನು ತಾನಾಗಿ ಏನನ್ನೂ ತಿದ್ದದೆ ಫೋಟೊವನ್ನು ಲೆನ್ಸಿಗೆ ಕಂಡಂತೆಯೇ ಉಳಿಸುವ ಹಾಗೆ ಮಾಡಿಸಿದರು. ಕ್ಯಾಮೆರಾಕ್ಕೆ ಹೊಸ ಫ್ಲ್ಯಾಶ್ ಬಂತು. ಲೆನ್ಸು, ಫ್ಲ್ಯಾಶಿನಂಥ ಸಾಮಾನು ಮುಖ್ಯವೋ ಸಾಫ್ಟ್‌ವೇರ್ ಮುಖ್ಯವೋ ಎಂದು ಅವಳೂ ಡಾಕ್ಟರೂ ಆಮೇಲೂ ವಾದ ಮಾಡುತ್ತಿದ್ದರು, ಆದರೆ ಎರಡನ್ನೂ ಪ್ರತಿ ಸೋಮವಾರ ಪರೀಕ್ಷಿಸದೆ ಯಾರನ್ನೂ ಸ್ಟೂಲಿನ ಮೇಲೆ ಕೂರಿಸುತ್ತಿರಲಿಲ್ಲ. ಅವಳು ನರ್ಸ್ ಹತ್ತಿರ ಹೋಗಿ ತಪ್ಪಾಯಿತು ಎಂದಳು. ನರ್ಸ್ ಊಟದ ಡಬ್ಬಿ ಈಚೆ ಸರಿಸಿ ಜಾಗ ಕೊಟ್ಟಳು.

ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಆ ಮೂರು ವರ್ಷಗಳಲ್ಲಿ ರೋಗಿಗಳು ಕತ್ತರಿಸಿ ತೆಗೆಸಿಕೊಂಡ ಮಚ್ಚೆಗಳಲ್ಲಿ ಆರು ನಿರಪಾಯದವು ಎಂದು ವರದಿ ಬಂದಿತ್ತು. ಯಾವ ಡಾಕ್ಟರೂ ಬರೀ ಫೋಟೊ ನೋಡಿ ಕತ್ತರಿಸುವುದಿಲ್ಲ ಎಂದು ಡಾಕ್ಟರ್ ಹೇಳಿದ. ಅವಳು ತಲೆಯಾಡಿಸಿದಳೇ ಹೊರತು ಪೂರ್ತಿ ನಂಬಲಿಲ್ಲ. ಆ ಆರು ಜನರಲ್ಲಿ ಒಬ್ಬರು ಶಾಲೆಯ ಟೀಚರಮ್ಮ. ಅವರ ಕಣ್ಣಿನ ಕೆಳಗೆ ಒಂದು ಬಿಳಿ ಗೆರೆ ಉಳಿದಿತ್ತು. ಕೈಯ ಅಲರ್ಜಿಗೆಂದು ಅವರು ಬಂದ ದಿನ ಫೋಟೊ ಅಕ್ಕ ಕದ ಹಾಕಿ ಎಲ್ಲವನ್ನೂ ಹೇಳಿದಳು.

ಟೀಚರಮ್ಮ ಆ ಗೆರೆಯನ್ನು ಮುಟ್ಟಿಕೊಂಡರು.

"ಆಗ ನನಗೂ ತುಂಬಾ ಭಯ ಇತ್ತು. ತೆಗೆಸಿದ್ಮೇಲೇ ನಿದ್ದೆ ಬಂದಿದ್ದು," ಎಂದರು. ಗೆರೆಯಿಂದ ಕೈ ತೆಗೆದು, "ಆದ್ರೂ ನೀವು ಅವತ್ತು ನೋಡ್ಕೋಬೇಕಿತ್ತು," ಎಂದರು.

ಹೌದು ಎಂದಳು ಅವಳು. ಅವರು ಹೋದ ಮೇಲೆ ಆರು ಜನರ ಕಡತಗಳನ್ನು ತರಿಸಿಕೊಂಡು, ಒಂದೊಂದು ಹಳೆಯ ಫೋಟೊದ ಕೆಳಗೂ ಬರೆದಳು: ಇದನ್ನು ತೆಗೆದಾಗ ಎಡಗಡೆಯ ದೀಪ ಉರಿಯುತ್ತಿರಲಿಲ್ಲ. ಕೆಳಗೆ ತನ್ನ ಸಹಿ ಹಾಕಿದಳು.